ಅಳತೆ ತಪ್ಪಿದರೆ ಯಂತ್ರ ಏನು ಮಾಡೀತು?

ಕಾರ್ಖಾನೆಗಳ ಸ್ವಯಂಚಾಲನೆ ಎಂದೊಡನೆ ನಮ್ಮಲ್ಲಿ ಮಾತು ರೋಬೊಗಳತ್ತ, ಈಗೀಗ ಕೃತಕ ಬುದ್ಧಿಮತ್ತೆಯತ್ತ ಹೊರಳುತ್ತದೆ. ಎಷ್ಟು ಬಂಡವಾಳ ಬಂತು, ಎಷ್ಟು ಉದ್ಯೋಗ ಹೋಯಿತು ಎಂಬ ಲೆಕ್ಕವೂ ಜೊತೆಗೇ ಶುರುವಾಗುತ್ತದೆ. ಆದರೆ ಸ್ಥಾವರವೊಂದು ಸುರಕ್ಷಿತವಾಗಿ ನಡೆಯುವುದು, ಉದ್ಘಾಟನೆಯ ದಿನ ಯಾರ ಕಣ್ಣಿಗೂ ಬೀಳದ ಸಣ್ಣ ಸಾಧನವೊಂದರ ಬಲದಿಂದ. ಒತ್ತಡವನ್ನೋ ಉಷ್ಣತೆಯನ್ನೋ ದ್ರವದ ಮಟ್ಟವನ್ನೋ ಅಳೆದು ಕಂಟ್ರೋಲ್ ರೂಮಿಗೆ ಸುದ್ದಿ ಮುಟ್ಟಿಸುವ ಟ್ರಾನ್ಸ್‌ಮಿಟರ್ ಅದು.

ನಿಯಂತ್ರಣದ ಮೂಲತತ್ವ ಸರಳ. ಅಳೆಯಬೇಕು, ಬೇಕಾದ ಮಟ್ಟಕ್ಕೆ ಹೋಲಿಸಬೇಕು, ವ್ಯತ್ಯಾಸಕ್ಕೆ ತಕ್ಕಷ್ಟು ವಾಲ್ವ್ ತಿರುಗಿಸಬೇಕು, ಮತ್ತೆ ಅಳೆಯಬೇಕು. ಮನೆಯ ಮೇಲಿನ ಟ್ಯಾಂಕಿನಲ್ಲಿ ತೇಲುವ ಚೆಂಡು ಮಾಡುವುದೂ ಇದನ್ನೇ. ಜೇಮ್ಸ್ ವಾಟ್ 1788ರಲ್ಲಿ ಉಗಿಯಂತ್ರಕ್ಕೆ ಅಳವಡಿಸಿದ ಗವರ್ನರ್ ಇದೇ ಕೆಲಸವನ್ನು ವೇಗಕ್ಕೆ ಸಂಬಂಧಿಸಿ ಮಾಡಿತು. ಕಾರಿನ ಮಾಡೆಲ್ ಬದಲಾದಾಗಲೆಲ್ಲ ರಿಲೇ ಪ್ಯಾನೆಲ್‌ಗಳ ವೈರಿಂಗ್ ಬಿಚ್ಚಿ ಕಟ್ಟಿ ಬೇಸತ್ತ ಜನರಲ್ ಮೋಟರ್ಸ್ 1968ರಲ್ಲಿ ಪರ್ಯಾಯ ಕೇಳಿತು. ಅದರ ಫಲವಾಗಿ ಪಿಎಲ್‌ಸಿ, ಅಂದರೆ ಪ್ರೋಗ್ರಾಂ ಬರೆದು ನಡೆಸುವ ನಿಯಂತ್ರಕ, ಬಂತು. ಅಂದಿನಿಂದ ತರ್ಕ ತಂತಿಯಿಂದ ಪ್ರೋಗ್ರಾಂಗೆ ವರ್ಗವಾಯಿತು, ಲೆಕ್ಕಾಚಾರ ಚುರುಕಾಯಿತು. ಒಂದು ಮಾತ್ರ ಬದಲಾಗಲಿಲ್ಲ: ಅಳತೆ ಏನು ಹೇಳುತ್ತದೋ ಅದನ್ನೇ ನಿಯಂತ್ರಕ ನಂಬುತ್ತದೆ.

ಆ ನಂಬಿಕೆ ಕೈಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ 2005ರ ಮಾರ್ಚ್ 23ರಂದು ಅಮೆರಿಕದ ಟೆಕ್ಸಸ್ ಸಿಟಿಯಲ್ಲಿ, ಬಿಪಿ ಕಂಪನಿಯ ತೈಲ ಸಂಸ್ಕರಣಾಗಾರದಲ್ಲಿ ನಡೆದದ್ದು ಸಾಕ್ಷಿ. ರಿಪೇರಿ ಮುಗಿದು, 170 ಅಡಿ ಎತ್ತರದ ಗೋಪುರವೊಂದನ್ನು ಮತ್ತೆ ಚಾಲನೆ ಮಾಡುತ್ತಿದ್ದರು. ತಳದಲ್ಲಿ ಕೆಲವೇ ಅಡಿ ಇರಬೇಕಾದ ದ್ರವ ಗಂಟೆಗಟ್ಟಲೆ ತುಂಬುತ್ತಲೇ ಹೋಯಿತು. ಅಳೆಯುವ ಟ್ರಾನ್ಸ್‌ಮಿಟರಿನ ವ್ಯಾಪ್ತಿ ತಳದ ಹತ್ತಡಿಯೊಳಗೇ ಮುಗಿಯುತ್ತಿತ್ತು. ಅದರ ಕ್ಯಾಲಿಬ್ರೇಷನ್ನೂ ಹಳೆಯ, ತಪ್ಪು ಸಾಂದ್ರತೆಯ ಲೆಕ್ಕದಲ್ಲಿ ಆಗಿತ್ತು. ದ್ರವದಲ್ಲಿ ಮುಳುಗಿದ ತುಂಡಿನ ಮೇಲೆ ಬೀಳುವ ತೇಲುಬಲವನ್ನು ಅಳೆದು ಮಟ್ಟ ಹೇಳುವ ಬಗೆಯ ಸಾಧನ ಅದು. ತುಂಡು ಪೂರ್ತಿ ಮುಳುಗಿದ ಮೇಲೆ ದ್ರವ ಬಿಸಿಯಾದಂತೆ ಸಾಂದ್ರತೆ ಇಳಿಯಿತು, ತೇಲುಬಲ ಇಳಿಯಿತು, ಪರದೆಯ ಮೇಲಿನ ಅಂಕಿಯೂ ಇಳಿಯಿತು. ಗೋಪುರದೊಳಗೆ ಮಟ್ಟ 158 ಅಡಿ ಮುಟ್ಟಿದಾಗ ಪರದೆ ತೋರಿಸುತ್ತಿದ್ದುದು 8 ಅಡಿಗೂ ಕಡಿಮೆ! ಮಟ್ಟ ಮಿತಿ ಮೀರಿದರೆ ಕೂಗಬೇಕಿದ್ದ ಪ್ರತ್ಯೇಕ ಅಲಾರಂ ಕೂಗಲಿಲ್ಲ. ಕಣ್ಣಿನಿಂದ ನೋಡಿ ಖಚಿತಪಡಿಸಿಕೊಳ್ಳಲು ಇದ್ದ ಸೈಟ್ ಗ್ಲಾಸ್ ಕೊಳೆ ಹಿಡಿದು ಕಾಣದಂತಾಗಿತ್ತು.

ಗೋಪುರಕ್ಕೆ ಎಷ್ಟು ಹೋಗುತ್ತಿದೆ, ಎಷ್ಟು ಹೊರಬರುತ್ತಿದೆ ಎಂಬ ಎರಡು ಅಂಕಿಗಳು ಅಕ್ಕಪಕ್ಕ ಇದ್ದಿದ್ದರೆ ಅನುಮಾನ ಮೂಡುತ್ತಿತ್ತು. ಅವು ಬೇರೆ ಬೇರೆ ಪರದೆಗಳಲ್ಲಿದ್ದವು. ನೋಡಬೇಕಾದ ಆಪರೇಟರ್ ಒಬ್ಬರೇ, ನೋಡಿಕೊಳ್ಳಬೇಕಾದ ಘಟಕಗಳು ಮೂರು. ದಿನಕ್ಕೆ 12 ಗಂಟೆಯಂತೆ ಅವರು 29 ದಿನ ಸತತವಾಗಿ ದುಡಿದಿದ್ದರು. ಮಧ್ಯಾಹ್ನ ಒಂದೂಕಾಲು ದಾಟುತ್ತಿದ್ದಂತೆ ಉಕ್ಕಿ ಹೊರಚಿಮ್ಮಿದ ಇಂಧನದ ಆವಿಗೆ ಬೆಂಕಿ ತಗುಲಿ ಸ್ಫೋಟವಾಯಿತು. 15 ಮಂದಿ ಸತ್ತರು, 180 ಮಂದಿ ಗಾಯಗೊಂಡರು. ‘ಮಾನವ ದೋಷ’ ಎಂದು ಷರಾ ಬರೆದು ಇದರ ಕಡತ ಮುಚ್ಚುವುದನ್ನು ನಾನು ಒಪ್ಪಲಾರೆ. ಆಪರೇಟರ್‌ಗೆ ಸರಿಯಾದ ಮಾಹಿತಿಯೂ ಸಿಗಲಿಲ್ಲ, ವಿಶ್ರಾಂತಿಯೂ ಸಿಗಲಿಲ್ಲ. ಎರಡನ್ನೂ ತೀರ್ಮಾನಿಸಿದವರು ಕಂಟ್ರೋಲ್ ರೂಮಿನ ಹೊರಗಿದ್ದರು.

ನಮ್ಮಲ್ಲೂ ಮಂಡ್ಯ, ಬೆಳಗಾವಿಯ ಸಕ್ಕರೆ ಕಾರ್ಖಾನೆಗಳ ಬಾಯ್ಲರ್‌ಗಳಿವೆ, ಮಂಗಳೂರಿನ ತೈಲ ಸಂಸ್ಕರಣಾಗಾರವಿದೆ, ತೋರಣಗಲ್ಲಿನ ಉಕ್ಕಿನ ಸ್ಥಾವರವಿದೆ. ಬಾಯ್ಲರ್ ಡ್ರಮ್ಮಿನಲ್ಲಿ ನೀರು ತೀರಾ ಇಳಿದರೆ ಟ್ಯೂಬುಗಳು ಸುಡುತ್ತವೆ. ಹಾಗಾಗದಂತೆ ಬೆಂಕಿ ನಿಲ್ಲಿಸುವ ‘ಟ್ರಿಪ್’ ವ್ಯವಸ್ಥೆ ಇರುತ್ತದೆ. ಮೂರು ಟ್ರಾನ್ಸ್‌ಮಿಟರ್ ಹಾಕಿ, ಎರಡು ಒಪ್ಪಿದರಷ್ಟೇ ಕ್ರಮ ಎನ್ನುವ ಏರ್ಪಾಡು ಮಾಡಿದರೆ ಒಂದು ಕೆಟ್ಟರೂ ಮೋಸವಾಗದು, ಸುಮ್ಮಸುಮ್ಮನೆ ಟ್ರಿಪ್ಪೂ ಆಗದು. ಖರ್ಚು ಉಳಿಸಲು ಒಂದನ್ನೇ ನೆಚ್ಚಿಕೊಂಡು, ಅದು ಪದೇ ಪದೇ ಟ್ರಿಪ್ ಆಗತೊಡಗಿದಾಗ ‘ಬೈಪಾಸ್’ ಮಾಡಿಬಿಡುವುದೇ ನಿಜವಾದ ಅಪಾಯ. ಹಂಗಾಮಿನಲ್ಲಿ ಕಬ್ಬಿನ ಲಾರಿಗಳು ಗೇಟಿನ ಮುಂದೆ ಸಾಲುಗಟ್ಟಿದಾಗ ಆ ಆಮಿಷ ಎಷ್ಟು ಬಲವಾಗಿರುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಹಾಗೆ ಕಟ್ಟಿಹಾಕಿದ ಟ್ರಿಪ್ ಪ್ಯಾನೆಲ್‌ನಲ್ಲಿ ಇದ್ದರೂ ಇಲ್ಲದಂತೆಯೇ.

ಕರ್ನಾಟಕದ ವಿಧಾನಮಂಡಲ 2023ರಲ್ಲಿ ಕಾರ್ಖಾನೆಗಳ ಕಾಯ್ದೆಗೆ ತಿದ್ದುಪಡಿ ತಂದು, ವಾರದ 48 ಗಂಟೆಗಳ ಮಿತಿ ಉಳಿಸಿಕೊಂಡೇ ದಿನಕ್ಕೆ 12 ಗಂಟೆವರೆಗಿನ ದುಡಿಮೆಗೆ ದಾರಿ ಮಾಡಿತು. ಪರದೆಯ ಮುಂದೆ ಕೂತು ಅಂಕಿಗಳನ್ನು ಕಾಯುವವರಿಗೆ ಹನ್ನೊಂದನೇ ಗಂಟೆಯಲ್ಲಿ ಎಷ್ಟು ಎಚ್ಚರ ಉಳಿದೀತು ಎಂಬುದೂ ಆ ಚರ್ಚೆಗೆ ಸೇರಬೇಕಾದ ಪ್ರಶ್ನೆ. ಅಪಾಯಕಾರಿ ಘಟಕಗಳ ಕಂಟ್ರೋಲ್ ರೂಮನ್ನು ಉಳಿದ ಕೆಲಸಗಳ ಸಾಲಿಗೆ ಸೇರಿಸುವುದು ಸರಿಯಲ್ಲ.

ಸ್ವಯಂಚಾಲನೆಗೆ ಸಬ್ಸಿಡಿ ಕೊಡುವ ಸರ್ಕಾರ ಯಂತ್ರದ ಬೆಲೆಯನ್ನಷ್ಟೇ ನೋಡದೆ, ಕ್ಯಾಲಿಬ್ರೇಷನ್ ಯಾವಾಗ ನಡೆಯಿತು, ಯಾರು ಮಾಡಿದರು ಎಂಬ ದಾಖಲೆಯನ್ನೂ ಕೇಳಲಿ. ಬೈಪಾಸ್ ಮಾಡಿದ ಪ್ರತಿ ಟ್ರಿಪ್ಪಿಗೂ ದಿನಾಂಕ, ಕಾರಣ, ಅನುಮತಿ ಕೊಟ್ಟವರ ಸಹಿ, ತೆರವಿನ ಗಡುವು ರಿಜಿಸ್ಟರಿನಲ್ಲಿರಲಿ. ಕಾರ್ಖಾನೆ ಇನ್‌ಸ್ಪೆಕ್ಟರ್ ಬಂದಾಗ ಮೊದಲು ತೆರೆಯುವ ಪುಟ ಅದಾಗಲಿ. ಐಟಿಐಗಳಲ್ಲಿ ಇನ್‌ಸ್ಟ್ರುಮೆಂಟ್ ಮೆಕ್ಯಾನಿಕ್ ಕಲಿಯುವ ಹುಡುಗ ಹುಡುಗಿಯರ ಕೈಗೆ ಇಂದಿನ ಟ್ರಾನ್ಸ್‌ಮಿಟರುಗಳನ್ನೇ ಕೊಡಬೇಕು. ನಾಳೆ ಸಾಂದ್ರತೆಯ ಲೆಕ್ಕ ಸರಿಯಿದೆಯೇ ಎಂದು ನೋಡಬೇಕಾದವರು ಅವರೇ.