ಐಫೆಲ್ ಗೋಪುರದಲ್ಲಿಲ್ಲದ ಹೆಸರು

ಐಫೆಲ್ ಗೋಪುರದ ಮೇಲಿನ 72 ವಿಜ್ಞಾನಿ, ಎಂಜಿನಿಯರುಗಳ ಹೆಸರಿಗೆ ಯೋಗ್ಯತೆಯೊಂದೇ ಮಾನದಂಡ, ಆ ಪಟ್ಟಿಯನ್ನು ಮುಟ್ಟಬಾರದು ಎಂಬ ವಾದ ಒಪ್ಪತಕ್ಕದ್ದಲ್ಲ. ಅಲ್ಲಿ ಒಬ್ಬ ಮಹಿಳೆಯೂ ಇಲ್ಲ. ಫ್ರೆಂಚ್ ಗಣಿತಜ್ಞೆ ಸೋಫಿ ಜರ್ಮೇನ್ ಯಾಕಿಲ್ಲ?

ಆಕೆಯ ಕಾಲದಲ್ಲಿ ಪ್ಯಾರಿಸ್ಸಿನ ಎಂಜಿನಿಯರಿಂಗ್ ಕಾಲೇಜು ಎಕೋಲ್ ಪಾಲಿಟೆಕ್ನಿಕ್ ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಆಕೆ ಅಲ್ಲಿನ ಪಾಠದ ಟಿಪ್ಪಣಿ ತರಿಸಿಕೊಂಡು ಓದಿ, ಲೆ ಬ್ಲಾಂ ಎಂಬ ಗಂಡಸಿನ ಹೆಸರಿನಲ್ಲಿ ತಮ್ಮ ವಿಚಾರಗಳನ್ನು ಅಲ್ಲಿನ ಗಣಿತ ಪ್ರಾಧ್ಯಾಪಕ ಲಾಗ್ರಾಂಜ್‌ಗೆ ಬರೆದು ಕಳಿಸಿದರು. ಮರಳು ಉದುರಿಸಿದ ತಗಡಿನ ಅಂಚಿಗೆ ಪಿಟೀಲಿನ ಕಮಾನು ಎಳೆದಾಗ ಮೂಡುವ ಚಿತ್ತಾರಕ್ಕೆ ಸ್ಥಿತಿಸ್ಥಾಪಕತೆಯ ಗಣಿತ ಹುಡುಕಿ, 1816ರಲ್ಲಿ ವಿಜ್ಞಾನ ಅಕಾಡೆಮಿಯ ಬಹುಮಾನ ಗೆದ್ದರು. ಸ್ಥಿತಿಸ್ಥಾಪಕತೆಯ ಅದೇ ಕ್ಷೇತ್ರದಲ್ಲಿ ದುಡಿದ ಪ್ವಾಸೋಂ, ನೇವಿಯೇ, ಕೋಶಿ ಮೂವರೂ ಗೋಪುರದ ಮೇಲಿದ್ದಾರೆ. ಇದು ಯೋಗ್ಯತೆಯ ಲೆಕ್ಕವೇ?

ಇನ್ನು ಮುಟ್ಟಬಾರದೆಂಬ ಮಾತು. ಆ ಹೆಸರುಗಳನ್ನೇ ದಶಕಗಳ ಕಾಲ ಬಣ್ಣ ಬಳಿದು ಮುಚ್ಚಿದ್ದರು. 1986–87ರಲ್ಲಷ್ಟೇ ಮತ್ತೆ ಹೊರತೆಗೆದರು. ಜರ್ಮೇನ್ ಹೆಸರನ್ನೂ ಬರೆಯಲೇಬೇಕು.