‘ಅವರು’ ಎನ್ನಲು ಇವರಿಗೇನು ಕಷ್ಟ?



ಹೋದ ಮಳೆಗಾಲದಲ್ಲಿ ಜ್ವರ ಬಂದಿದ್ದ ಒಬ್ಬರನ್ನು ತಾಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಸೀರೆ ಉಟ್ಟು, ಕುಂಕುಮ ಇಟ್ಟು, ಹೆಂಗಸಾಗಿಯೇ ಬದುಕುತ್ತಿರುವವರು. ಆಧಾರ್ ಕಾರ್ಡಿನಲ್ಲಿ ಮಾತ್ರ ಹುಟ್ಟಿದಾಗ ಇಟ್ಟ ಗಂಡು ಹೆಸರು. ಚೀಟಿ ಬರೆಯುವವನು ಆ ಹೆಸರನ್ನೇ ಗಟ್ಟಿಯಾಗಿ ಕೂಗಿದ. ಇವರು ಎದ್ದು ನಿಂತದ್ದೇ ತಡ, “ಇದನ್ನ ಯಾವ ಸಾಲಿಗೆ ಹಾಕೋದು?” ಎಂದ. ಸಾಲಿನಲ್ಲಿದ್ದವರೆಲ್ಲ ನಕ್ಕರು. “ಬೇಡ ಅಕ್ಕಾ, ಅಂಗಡೀಲೇ ಮಾತ್ರೆ ತಗೋತೀನಿ” ಎಂದು ಹೊರಟೇಬಿಟ್ಟರು. ಜ್ವರ ಎಷ್ಟಿದೆ ಎಂದು ನೋಡಿದವರೇ ಇಲ್ಲ.

ಆ ಕಿಟಕಿ ನಮಗೆ ಹೊಸದೇ? ಗಂಡನಿಂದ ಏಟು ತಿಂದು ಹೋದವಳನ್ನು “ನೀನೇನು ಮಾಡಿದ್ದೆ?” ಎಂದು ಕೇಳಿದ್ದು ಅಲ್ಲೇ. ಸುಟ್ಟು ಬಂದವಳನ್ನು ಬಿಟ್ಟು ಅತ್ತೆಯನ್ನು ಕೇಳಿ “ಸ್ಟೌ ಸಿಡಿಯಿತು” ಎಂದು ಬರೆದುಕೊಂಡದ್ದೂ ಅಲ್ಲೇ. ಆಸ್ಪತ್ರೆಯಲ್ಲಿ ಒಂದು ಮಾತು ಏನು ಮಾಡಬಲ್ಲದು ಎಂದು ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಆದರೂ ಸಂಘದಲ್ಲಿ ಈ ಸಂಗತಿ ಎತ್ತಿದಾಗ “ಅವರ ಗೊಡವೆ ನಮಗ್ಯಾಕೆ?” ಎಂದವರು ನಮ್ಮವರೇ.

ಯಾಕೆಂದು ಹೇಳುತ್ತೇನೆ. ಮಗನಿಗೆ ಹೆಣ್ಣಿನ ಮೇಲೆ ಮನಸ್ಸಿಲ್ಲ ಎಂದು ತಿಳಿದ ತಂದೆತಾಯಿ ಡಾಕ್ಟರ ಹತ್ತಿರ ಓಡುತ್ತಾರೆ. “ಮದುವೆ ಮಾಡಿ, ಸರಿಹೋಗುತ್ತೆ” ಎನ್ನುವ ಡಾಕ್ಟರು ಈಗಲೂ ಇದ್ದಾರೆ. ಆ ಔಷಧಿ ಯಾರು? ನಮ್ಮ ಮಗಳು! ಅದಕ್ಕೆ ವರದಕ್ಷಿಣೆಯನ್ನೂ ನಾವೇ ಕೊಡಬೇಕು. ವರ್ಷ ತುಂಬುವುದರೊಳಗೆ ಅವಳು ‘ಬಂಜೆ’ ಎನ್ನಿಸಿಕೊಂಡು ಸಂಘದ ಬಾಗಿಲಿಗೆ ಬರುತ್ತಾಳೆ. ಇನ್ನು ಹೆಣ್ಣನ್ನೇ ಪ್ರೀತಿಸುವ ಹುಡುಗಿಗೂ ಅದೇ ಔಷಧಿ. ಅವಳ ಪಾಲಿಗೆ ಅದು ದಿನರಾತ್ರಿಯ ಬಲಾತ್ಕಾರ.

ಇದು ಕಾಯಿಲೆಯೇ ಅಲ್ಲ. ವಯಸ್ಕರು ಒಪ್ಪಿ ನಡೆಸುವ ಸಲಿಂಗ ಸಂಬಂಧ ಅಪರಾಧವಲ್ಲ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಇದನ್ನು ‘ಬದಲಾಯಿಸುವ’ ಚಿಕಿತ್ಸೆ ಕೊಡುವುದು ವೈದ್ಯವೃತ್ತಿಗೆ ವಿರುದ್ಧವಾದ ದುರ್ನಡತೆ ಎಂದು 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವೇ ಹೇಳಿತು. ಲಿಂಗತ್ವ ಅಲ್ಪಸಂಖ್ಯಾತರಿಗೆ ಆಸ್ಪತ್ರೆಗಳಲ್ಲಿ ಚಿಕಿತ್ಸೆ ಒದಗಿಸಿ ಎಂದು ಸುಪ್ರೀಂ ಕೋರ್ಟ್ 2014ರಲ್ಲೇ ಸರ್ಕಾರಗಳಿಗೆ ಆದೇಶಿಸಿತ್ತು. ಚಿಕಿತ್ಸೆ ನಿರಾಕರಿಸುವುದು, ಭೇದ ಮಾಡುವುದು ಕೂಡದೆಂದು 2019ರಲ್ಲಿ ಕಾಯಿದೆಯೂ ಬಂತು. ಚೀಟಿ ಕಿಟಕಿಯವರೆಗೆ ಮಾತ್ರ ಯಾವುದೂ ಬಂದಿಲ್ಲ.

“ಹಾಗಾದರೆ ಏನಂತ ಕರೆಯಬೇಕು?” ಎಂದು ಆ ಗುಮಾಸ್ತ ನನ್ನನ್ನೇ ಕೇಳಿದ. ನಮ್ಮ ಕನ್ನಡದಲ್ಲಿ ಇದಕ್ಕೆ ಹೊಸ ಪದ ಹುಡುಕಬೇಕೇ? ಗಂಡೋ ಹೆಣ್ಣೋ ಎಂದು ಕೇಳದೆಯೇ ‘ಅವರು’, ‘ಬನ್ನಿ’, ‘ಕೂತ್ಕೊಳ್ಳಿ’ ಎನ್ನಬಹುದು. ಊರ ಗೌಡರಿಗೆ ಸಲೀಸಾಗಿ ಬರುವ ಬಹುವಚನ ಇವರಿಗೆ ಯಾಕೆ ಬರುವುದಿಲ್ಲ? ಮೊದಲ ಪರಿಚಯದಲ್ಲಿ ನಾನೂ ಅವರನ್ನು ‘ಅವನು’ ಎಂದಿದ್ದೆ. ಒಂದು ಸಲ ತಿದ್ದಿದರು, ತಿದ್ದಿಕೊಂಡೆ. ಅಷ್ಟೇ.

ಮುಂದಿನ ತಿಂಗಳು ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಗೆ ಅರ್ಜಿ ಕೊಡಲು ಹೊರಟಿದ್ದೇನೆ. ರೋಗಿ ಹೇಳಿದ ಹೆಸರಿನಿಂದಲೇ ಕರೆಯಿರಿ. ಯಾವ ವಾರ್ಡು ಎಂದು ಅವರನ್ನೇ ಕೇಳಿ. ಮೈಯ ವಿಷಯ ಡಾಕ್ಟರ ಕೋಣೆಯೊಳಗೆ ಮಾತಾಡಿ, ಕಿಟಕಿಯಲ್ಲಿ ಬೇಡ. ಇಷ್ಟೇ ನಾವು ಕೇಳುವುದು. ಅವರೂ ಬರುತ್ತೇನೆ ಎಂದಿದ್ದಾರೆ. ಆ ಸಾಲಿನಲ್ಲಿ ಅವರ ಪಕ್ಕ ನಿಲ್ಲಲು ನಮ್ಮ ಸಂಘದಿಂದ ಎಷ್ಟು ಜನ ಬರುತ್ತೀರಿ?