ತಡ ಮಾಡಿದವರು ಅವರು, ದಂಡ ಮಾತ್ರ ನಮಗೆ!



ಯುಗಾದಿಯ ಊಟದಲ್ಲಿ ಮಿತ್ರರೊಬ್ಬರು ಹೋಳಿಗೆ ಮುರಿಯುತ್ತಾ ಅಂದರು: "ಎರಡು ವರ್ಷದ ಪೆನ್ಷನ್ ಒಟ್ಟಿಗೇ ಬಂತಲ್ಲ ಸ್ವಾಮಿ, ಅದರಲ್ಲಿ ಸ್ವಲ್ಪ ತೆರಿಗೆ ಕಟ್ಟಲು ಏನು ಗೋಳು?" ಅಂದು ಹಬ್ಬ, ಸುಮ್ಮನಿದ್ದೆ. ಉತ್ತರ ಇಲ್ಲಿದೆ.

ನಾನು ಆಡಿಟರ್ ಅಲ್ಲ. ಊರಿನಲ್ಲಿ ಎಂಬಿಬಿಎಸ್ ಮುಗಿಸಿ, ಇಲ್ಲಿ ಅಮೆರಿಕದಲ್ಲಿ ರೆಸಿಡೆನ್ಸಿ ಮಾಡಿದ ಡಾಕ್ಟರು. ಕಾಯಿಲೆಯಿಂದ ಕೆಲಸ ಬಿಟ್ಟವರ ಸೋಷಿಯಲ್ ಸೆಕ್ಯುರಿಟಿ ಡಿಸೆಬಿಲಿಟಿ ಪೆನ್ಷನ್ನಿಗೆ ವೈದ್ಯಕೀಯ ಕಾಗದ ತುಂಬಿ ತುಂಬಿ ಕೈ ಸವೆದಿದೆ. ಮೊದಲ ಅರ್ಜಿ ತಿರಸ್ಕಾರವಾದರೆ ಮರುಪರಿಶೀಲನೆ. ಅಲ್ಲೂ ಇಲ್ಲವೆಂದರೆ ನ್ಯಾಯಾಧೀಶರ ಮುಂದೆ ವಿಚಾರಣೆ. ಅಷ್ಟರಲ್ಲಿ ಎಷ್ಟೋ ಜನರಿಗೆ ಎರಡು ವರ್ಷ ಕಳೆದಿರುತ್ತದೆ. ಮನೆಯ ಕಂತಿಗೆ ಕ್ರೆಡಿಟ್ ಕಾರ್ಡು, ಕಾರ್ಡಿನ ಬಡ್ಡಿಗೆ ಅಣ್ಣನ ಹತ್ತಿರ ಕೈಸಾಲ. ಕೊನೆಗೆ ಬಾಕಿ ಬಂದಾಗ ಅದು ಲಾಟರಿಯಲ್ಲ, ಸಾಲ ತೀರಿಸುವ ದುಡ್ಡು.

ಈಗ ಲೆಕ್ಕ ನೋಡಿ. ಒಂಟಿಯಾಗಿರುವ ಒಬ್ಬರಿಗೆ ತಿಂಗಳಿಗೆ 1,500 ಡಾಲರ್ ಪೆನ್ಷನ್, ಬೇರೆ ಆದಾಯ ವರ್ಷಕ್ಕೆ 12,000 ಎನ್ನಿ. ಬೇರೆ ಆದಾಯಕ್ಕೆ ಪೆನ್ಷನ್ನಿನ ಅರ್ಧ ಸೇರಿಸಿ, ಮೊತ್ತ 25,000 ದಾಟದಿದ್ದರೆ ಪೆನ್ಷನ್ನಿಗೆ ಫೆಡರಲ್ ತೆರಿಗೆಯಿಲ್ಲ. ದಂಪತಿಗಳಿಗೆ ಈ ಗೆರೆ 32,000. ಸಕಾಲಕ್ಕೆ ಕೊಟ್ಟಿದ್ದರೆ ಇವರ ಮೊತ್ತ ಪ್ರತಿ ವರ್ಷವೂ 21,000, ತೆರಿಗೆ ಸೊನ್ನೆ. ಆದರೆ 2023 ಮತ್ತು 2024ರ ಬಾಕಿ 36,000, 2025ರ ಪೆನ್ಷನ್ 18,000, ಎಲ್ಲಾ ಸೇರಿ 54,000 ಡಾಲರ್ 2025ರಲ್ಲೇ ಬಂತು. ಮೊತ್ತ 39,000ಕ್ಕೆ ಹಾರಿತು! 8,750 ಡಾಲರ್ ತೆರಿಗೆಗೆ ಒಳಪಟ್ಟು, ಸುಮಾರು 500 ಡಾಲರ್ ಕಟ್ಟಬೇಕಾಯಿತು. ಪೆನ್ಷನ್ ಒಂದು ಸೆಂಟೂ ಹೆಚ್ಚಾಗಲಿಲ್ಲ, ತಡವಾಯಿತು ಅಷ್ಟೆ. ತಡ ಮಾಡಿದವರಿಗಿಲ್ಲದ ದಂಡ ಕಾದವರಿಗೆ!

ಇನ್ನೂ ಕೇಳಿ. ವಕೀಲರ ಫೀಸು ಬಾಕಿಯ ಶೇಕಡಾ 25ರವರೆಗೆ, ಇಲ್ಲಿ 9,000 ಡಾಲರ್, ಮೊದಲೇ ಕಡಿತವಾಗುತ್ತದೆ. ಆದರೂ ಎಸ್‌ಎಸ್‌ಎ-1099 ಕಾಗದದಲ್ಲಿ ನಿಮಗೆ ಬಂದದ್ದು 54,000 ಎಂದೇ ಇರುತ್ತದೆ.

ಮದ್ದು ಇಲ್ಲವೇ? ಇದೆ. 'ಲಂಪ್‌ಸಮ್ ಎಲೆಕ್ಷನ್' ಎಂದು ಅದರ ಹೆಸರು. ಹಳೆಯ ರಿಟರ್ನುಗಳನ್ನು ತಿದ್ದಬೇಕಿಲ್ಲ. ಆಯಾ ವರ್ಷದ ಬಾಕಿಯನ್ನು ಆಯಾ ವರ್ಷದ ಆದಾಯದೊಂದಿಗೆ ಲೆಕ್ಕ ಹಾಕಿ, ತೆರಿಗೆಗೊಳಪಡುವ ಭಾಗ ಕಡಿಮೆಯಾದರೆ ಫಾರ್ಮ್ 1040ರ 6ಸಿ ಚೌಕಕ್ಕೆ ಗುರುತು ಹಾಕಬೇಕು. ಮೇಲಿನ ಉದಾಹರಣೆಯಲ್ಲಿ 8,750 ಸೊನ್ನೆಯಾಗುತ್ತದೆ.

ಹಾಗಾದರೆ ದೂರೇಕೆ ಅಂತೀರಾ? ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬಂತೆ, ಕೇಳಿದವರಿಗೆ ಮಾತ್ರ ಈ ನ್ಯಾಯ. ನನ್ನ ಪರಿಚಯದವರೊಬ್ಬರ ರಿಟರ್ನ್ ಬರೆದವರು ಆ ಚೌಕದ ಕಡೆ ಕಣ್ಣೇ ಹಾಯಿಸಲಿಲ್ಲ. ಯಾವ ವರ್ಷದ ಬಾಕಿ ಎಷ್ಟು ಎಂದು ಸರ್ಕಾರಕ್ಕೆ ಗೊತ್ತು. 1099ರ 3ನೇ ಚೌಕದ ವಿವರದಲ್ಲಿ ಅದೇ ಅಚ್ಚು ಹಾಕಿ ಕಳಿಸುತ್ತದೆ. ಮತ್ತೆ ರೋಗಿಯೇ ಏಕೆ ಲೆಕ್ಕ ಹಾಕಿ ಬೇಡಬೇಕು? ಬ್ರಿಟನ್ನಿನಲ್ಲಿ 2003ರ ಕಾಯಿದೆಯ ಪ್ರಕಾರ ಸರ್ಕಾರಿ ವೃದ್ಧಾಪ್ಯ ಪೆನ್ಷನ್ ಯಾವಾಗ ಕೈಸೇರಿದರೂ, ಸಲ್ಲಬೇಕಾಗಿದ್ದ ವರ್ಷದ ಆದಾಯವೆಂದೇ ಲೆಕ್ಕ. ಅಲ್ಲಿ ಆಗುವುದು ಇಲ್ಲೇಕೆ ಆಗದು?

ಆ 25,000, 32,000ದ ಗೆರೆಗಳನ್ನು ಎಳೆದದ್ದು 1983ರಲ್ಲಿ. ಬೆಲೆ ಏರಿತು, ಪೆನ್ಷನ್ ಏರಿತು, ಗೆರೆ ಕದಲಲಿಲ್ಲ. ನನ್ನಂಥ ಹೆಚ್ಚು ಆದಾಯದವರಿಗೆ 6ಸಿ ಚೌಕದಿಂದ ಏನೂ ಉಳಿಯದು. ಪೆಟ್ಟು ಬೀಳುವುದು ಗೆರೆಯ ಅಂಚಿನಲ್ಲಿರುವ ಬಡಪಾಯಿಗೆ.

ನಮ್ಮ ಹಿರಿಯರಿಗೂ ಇದು ಸಂಬಂಧಿಸಿದ್ದು. ಭಾರತದಲ್ಲಿ ಸರ್ಕಾರಿ ನೌಕರಿ ಮಾಡಿ, ಆಮೇಲೆ ಇಲ್ಲೂ ದುಡಿದು, ಎರಡೂ ಕಡೆಯ ಪೆನ್ಷನ್ ಪಡೆಯುವವರಲ್ಲಿ ಹಲವರಿಗೆ ಸೋಷಿಯಲ್ ಸೆಕ್ಯುರಿಟಿಯಲ್ಲಿ ಕಡಿತವಾಗುತ್ತಿತ್ತು. 2025ರ ಜನವರಿ 5ರಂದು ಸಹಿಯಾದ ಕಾಯಿದೆ ಅದನ್ನು ರದ್ದುಮಾಡಿ, 2024ರ ಜನವರಿಯಿಂದಲೇ ಬಾಕಿ ಕೊಡಿಸಿತು. ಆ ಬಾಕಿ 2025ರಲ್ಲಿ ಬಂದಿದ್ದರೆ ಅದರ 2024ರ ಪಾಲಿಗೂ ಇದೇ ಚೌಕ.

ಡಾಕ್ಟರಾಗಿ ನನ್ನ ಚೀಟಿ ಇಷ್ಟು: ಬಾಕಿ ಬಂದವರು 1099 ಜೊತೆಗೆ ಹಳೆಯ ರಿಟರ್ನುಗಳನ್ನೂ ಒಯ್ದು, "ಎರಡೂ ರೀತಿ ಲೆಕ್ಕ ಹಾಕಿ ತೋರಿಸಿ" ಎಂದು ಪಟ್ಟು ಹಿಡಿಯಿರಿ. ಮತದಾನದ ಹಕ್ಕಿರುವವರು ನಿಮ್ಮ ಕಾಂಗ್ರೆಸ್ ಸದಸ್ಯರಿಗೆ ಒಂದು ಕಾಗದ ಬರೆಯಿರಿ.

ಹೋಳಿಗೆಯ ಮಿತ್ರರಿಗೆ: ಆ 500 ಡಾಲರ್ ನಿಮಗೆ ಒಂದು ಸಂಜೆಯ ಊಟ. ಕೆಲಸ ಕಳೆದುಕೊಂಡವನಿಗೆ ಅದು ತಿಂಗಳ ದಿನಸಿ.

ನಿಮ್ಮವನೇ ಆದ,
ಕೂಟದ ಡಾಕ್ಟರು